ರೊಟೊರುವಾದಲ್ಲಿ ಎರಡು ರಾತ್ರಿ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಾವು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿದ್ದೇವೆ. ಜುಲೈನಲ್ಲಿ ಶಿವಮೊಗ್ಗದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅವರನ್ನು ಎರಡು ರಾತ್ರಿಯ ಮಟ್ಟಿಗೆ ರೊಟೊರುವಾಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಅಮ್ಮನಿಗೆ ಮೊಣಕಾಲು ನೋವು, ಮೊಟ್ಟೆಯೂ ಮುಟ್ಟದ ಸಸ್ಯಾಹಾರಿ. ಅಪ್ಪ ಬಿಪಿ ಮಾತ್ರೆ ತಗೊಳ್ಳುತ್ತಾರೆ. ಮಗನಿಗೆ ಹತ್ತು ವರ್ಷ. ಗಂಡನಿಗೆ ರಾಫ್ಟಿಂಗ್ ಹುಚ್ಚು. ಬಿಸಿನೀರಿನ ಪಾರ್ಕುಗಳೇ ನಾಲ್ಕೈದು ಕಾಣಿಸುತ್ತಿವೆ, ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಕಾರ್ಯಕ್ರಮಗಳೂ ಹಲವು. ಯಾವುದನ್ನು ಆರಿಸಿಕೊಳ್ಳೋಣ? ಗಂಧಕದ ವಾಸನೆ ವಯಸ್ಸಾದವರಿಗೆ ತೊಂದರೆಯೇ? ಅಮ್ಮನ ಊಟಕ್ಕೆ ಏನು ಮಾಡುವುದು?

ಉತ್ತರ: ಬಿಸಿನೀರಿನ ಜಾಗಗಳಲ್ಲಿ ಎರಡು ಸಾಕು. ಒಂದು, ಜನ ವಾಸವಿರುವ ಫಕರೆವರೆವಾ ಹಳ್ಳಿ. ಇನ್ನೊಂದು, ಬಣ್ಣಗಳಿಗೆ ಹೆಸರಾದ ವಾಯ್-ಒ-ತಾಪು. ಮಾವೋರಿ ಸಂಜೆಯ ಊಟ-ಪ್ರದರ್ಶನ ಒಂದೇ ಒಂದು. ಉಳಿದ ಹೊತ್ತನ್ನು ನೀರಿಗೂ ಕಾಡಿಗೂ ಬಿಡಿ. ಎಲ್ಲ ಪಾರ್ಕುಗಳ ಟಿಕೆಟ್ ಕೊಂಡು ಓಡಾಡಿದ ಕುಟುಂಬಗಳು ಮೂರನೆಯ ಕೆಸರುಗುಂಡಿಯ ಹತ್ತಿರ ಬರುವಷ್ಟರಲ್ಲಿ ಫೋನ್ ನೋಡುತ್ತಾ ನಿಂತಿರುತ್ತವೆ.

ಹಳ್ಳಿಯನ್ನೇ ಮೊದಲು ನೋಡಿ ಎನ್ನಲು ಕಾರಣವಿದೆ. ರೊಟೊರುವಾದಲ್ಲಿ ಹಬೆಯೂ ಮಾವೋರಿ ಸಂಸ್ಕೃತಿಯೂ ಎರಡು ಬೇರೆ ಬೇರೆ ಆಕರ್ಷಣೆಗಳಲ್ಲ. ಇಲ್ಲಿನ ತೆ ಅರಾವಾ ಎಂಬ ಮಾವೋರಿ ಬುಡಕಟ್ಟಿನ ಜನ ಈ ಬಿಸಿನೀರಿನಲ್ಲೇ ಅಡುಗೆ ಮಾಡಿ, ಸ್ನಾನ ಮಾಡಿ, ಅದನ್ನು ನೋಡಲು ಬಂದವರಿಗೆ ದಾರಿ ತೋರಿಸಿ ಬದುಕಿದವರು. ಅವರಲ್ಲಿ ತೂಹೊರಂಗಿ ಪಂಗಡದವರು 19ನೇ ಶತಮಾನದಲ್ಲಿ ತರವೆರಾ ಸರೋವರದ ದಂಡೆಯ ತೆ ವೈರೊವಾ ಎಂಬ ಹಳ್ಳಿಯಲ್ಲಿದ್ದರು. ಅಲ್ಲಿಂದ ದೋಣಿಯಲ್ಲಿ ಪ್ರವಾಸಿಗರನ್ನು ಗುಲಾಬಿ ಮತ್ತು ಬಿಳಿ ಮೆಟ್ಟಿಲುಗಳಿಗೆ ಕರೆದೊಯ್ಯುತ್ತಿದ್ದರು. ಬಿಸಿನೀರಿನಲ್ಲಿದ್ದ ಸಿಲಿಕಾ ಪದರ ಪದರವಾಗಿ ಕೂತು ಆದ ಮೆಟ್ಟಿಲುಗಳು ಅವು. 1886ರ ಜೂನ್ 10ರ ನಸುಕಿನಲ್ಲಿ ತರವೆರಾ ಪರ್ವತ ಸಿಡಿಯಿತು. ಸುಮಾರು 120 ಜನ ಸತ್ತರು, ತೆ ವೈರೊವಾ ಬೂದಿ ಕೆಸರಿನಡಿ ಹೂತುಹೋಯಿತು, ಮೆಟ್ಟಿಲುಗಳು ಇಲ್ಲವಾದವು. ಆ ರಾತ್ರಿ ಸೊಫಿಯಾ ಹಿನೆರಂಗಿ ಎಂಬ ಗೈಡ್‌ನ ಮನೆಯ ಗಟ್ಟಿ ಸೂರಿನಡಿ ಅರವತ್ತಕ್ಕೂ ಹೆಚ್ಚು ಮಂದಿ ಜೀವ ಉಳಿಸಿಕೊಂಡರು. ಬದುಕುಳಿದ ತೂಹೊರಂಗಿಯವರಲ್ಲಿ ಅನೇಕರಿಗೆ ನೆಲೆ ಸಿಕ್ಕಿದ್ದು ಫಕರೆವರೆವಾದಲ್ಲಿ. ಸೊಫಿಯಾ ಅಲ್ಲಿಯೂ ಗೈಡ್ ಕೆಲಸ ಮುಂದುವರಿಸಿದರು. ಇವತ್ತು ನಿಮ್ಮನ್ನು ಹಳ್ಳಿ ಸುತ್ತಿಸುವವರು ಆ ಪರಂಪರೆಯ ಮುಂದಿನ ತಲೆಮಾರು. ಇದು ಗೊತ್ತಿದ್ದರೆ ಹಳ್ಳಿಯ ಒಂದು ಗಂಟೆಯ ಸುತ್ತು ಬರೀ ಹೊಗೆ ನೋಡುವ ಕಾರ್ಯಕ್ರಮವಾಗುವುದಿಲ್ಲ.

ಇಲ್ಲಿ ಒಂದು ಗೊಂದಲ ಬಹಳ ಜನರಿಗೆ ಆಗುತ್ತದೆ. ಒಂದೇ ಕಣಿವೆಗೆ ಎರಡು ಗೇಟುಗಳಿವೆ, ಎರಡು ಬೇರೆ ಸಂಸ್ಥೆಗಳು, ಎರಡು ಬೇರೆ ಟಿಕೆಟ್. ಹೀಮೊ ರಸ್ತೆಯ ಕಡೆಯಿಂದ ಒಳಹೋದರೆ ತೆ ಪುಯಾ. ಟ್ರಯಾನ್ ಬೀದಿಯ ಕೊನೆಯ ಸೇತುವೆ ದಾಟಿದರೆ ಜನ ವಾಸವಿರುವ ಹಳ್ಳಿ. ನಡುವೆ ಬೇಲಿ ಇದೆ, ಒಂದರ ಟಿಕೆಟ್ ಇನ್ನೊಂದಕ್ಕೆ ನಡೆಯುವುದಿಲ್ಲ. ಮ್ಯಾಪಿನಲ್ಲಿ ಹುಡುಕುವಾಗ ಫಕರೆವರೆವಾ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಡಬ್ಲ್ಯೂ ಎಂಬುದು ನೆನಪಿರಲಿ.

ತೆ ಪುಯಾದಲ್ಲಿರುವುದು ಪೊಹುತು ಎಂಬ ದೊಡ್ಡ ಬುಗ್ಗೆ. ಸಾಮಾನ್ಯವಾಗಿ ಗಂಟೆಗೆ ಒಂದೆರಡು ಸಲ ಚಿಮ್ಮುತ್ತದೆ, ಜೋರಾದಾಗ 30 ಮೀಟರ್ ಮುಟ್ಟುತ್ತದೆ. ಪಕ್ಕದಲ್ಲೇ ಪ್ರಿನ್ಸ್ ಆಫ್ ವೇಲ್ಸ್ ಫೆದರ್ಸ್ ಎಂಬ ಚಿಕ್ಕ ಬುಗ್ಗೆಯಿದೆ. ಅದು ಏಳತೊಡಗಿದರೆ ಪೊಹುತು ಹಿಂದೆಯೇ ಬರುತ್ತದೆಂದು ಲೆಕ್ಕ, ಅಲ್ಲಿಂದ ಕದಲಬೇಡಿ. ಮರಕೆತ್ತನೆ ಮತ್ತು ನೇಯ್ಗೆಯ ಶಾಲೆಗಳು, ಕಿವಿ ಹಕ್ಕಿಯ ಕೇಂದ್ರವೂ ಒಳಗಿವೆ. ಹಳ್ಳಿಯ ಕಡೆಯ ವೀಕ್ಷಣಾ ಕಟ್ಟೆಯಿಂದ ಪೊಹುತು ಕಾಣುತ್ತದೆ, ಆದರೆ ದೂರದಿಂದ. ಮಗ ಕಿವಿ ಹಕ್ಕಿ ನೋಡಲೇಬೇಕೆಂದು ಹಟ ಹಿಡಿದರೆ ತೆ ಪುಯಾ. ಇಲ್ಲವಾದರೆ ನಿಮ್ಮ ಕುಟುಂಬಕ್ಕೆ ಹಳ್ಳಿಯೇ ಸರಿ. ನಡಿಗೆ ಕಡಿಮೆ, ಮಾತು ಹೆಚ್ಚು, ಕೂರಲು ಜಾಗವೂ ಇದೆ.

ಈ ಬುಗ್ಗೆಗಳು ಇಂದು ಚಿಮ್ಮುತ್ತಿರುವುದರ ಹಿಂದೆ ಒಂದು ಸರ್ಕಾರಿ ಆದೇಶವೂ ಇದೆ. ಬುಗ್ಗೆಗೆ ಬೇಕಾದ್ದು ಮೂರು: ನೀರು, ಕೆಳಗಿನಿಂದ ಶಾಖ, ಮತ್ತು ಒತ್ತಡ ಹಿಡಿದಿಟ್ಟುಕೊಳ್ಳುವ ಇಕ್ಕಟ್ಟಾದ ಕೊಳವೆ. ಊರಿನ ಮನೆ, ಹೋಟೆಲುಗಳೆಲ್ಲ ಬಿಸಿನೀರಿಗಾಗಿ ಕೊಳವೆಬಾವಿ ಕೊರೆದು ಎಳೆಯತೊಡಗಿದ ಮೇಲೆ ನೆಲದೊಳಗಿನ ಒತ್ತಡ ಇಳಿದು ಬುಗ್ಗೆಗಳು ಸೊರಗಿದವು. 1980ರ ದಶಕದ ನಡುವಿನಲ್ಲಿ ಪೊಹುತುವಿನಿಂದ 1.5 ಕಿ.ಮೀ. ಒಳಗಿನ ಕೊಳವೆಬಾವಿಗಳನ್ನು ಸರ್ಕಾರ ಮುಚ್ಚಿಸಿತು. ಜನರ ವಿರೋಧ ಜೋರಾಗಿಯೇ ಇತ್ತು. ಆಮೇಲೆ ಒತ್ತಡ ಚೇತರಿಸಿಕೊಂಡಿತು. ಬೋರ್‌ವೆಲ್ ಮುಚ್ಚಿಸಿ ಅಂತರ್ಜಲ ಮೇಲೇರಿಸಿದ ಉದಾಹರಣೆ ಕರ್ನಾಟಕದವರಿಗೆ ಹೊಟ್ಟೆಕಿಚ್ಚು ತರಿಸುವಂಥದ್ದು.

ಹಳ್ಳಿಯಲ್ಲಿ ಗಮನಿಸಬೇಕಾದದ್ದು ಪರೆಕೊಹುರು ಎಂಬ ದೊಡ್ಡ ಬಿಸಿಕೊಳ. ಜಾಲರಿ ಚೀಲದಲ್ಲಿ ಜೋಳದ ತೆನೆ ತುಂಬಿ ಅದರಲ್ಲಿ ಇಳಿಬಿಡುತ್ತಾರೆ, ಬೆಂದ ತೆನೆಯನ್ನು ಅಲ್ಲೇ ಮಾರುತ್ತಾರೆ. ನೀರಿನಲ್ಲಿ ಖನಿಜ ಇರುವುದರಿಂದ ಉಪ್ಪು ಹಾಕುವ ಅಗತ್ಯ ಬೀಳುವುದಿಲ್ಲ. ಅಮ್ಮನಿಗೆ ಇದು ಆಗಬಹುದು. ಆದರೆ ಅದೇ ನೀರಿನಲ್ಲಿ ಬೇರೆ ಪದಾರ್ಥಗಳನ್ನೂ ಬೇಯಿಸುವುದುಂಟು, ಅಷ್ಟು ಕಟ್ಟುನಿಟ್ಟಾದರೆ ಮೊದಲೇ ಕೇಳಿಕೊಳ್ಳಿ. ಪಕ್ಕದಲ್ಲಿ ನೆಲದ ಹಬೆ ಬರುವ ಕಿಂಡಿಯ ಮೇಲೆ ಕೂರಿಸಿದ ಮರದ ಪೆಟ್ಟಿಗೆಗಳಿವೆ, ಅದೇ ಅವರ ಹಬೆ ಒಲೆ. ಕೊಳದ ನೀರು ಕಾಲುವೆಯಲ್ಲಿ ಹರಿದು ಆರುತ್ತಾ ಬಂದು ಬೀಳುವ ತೊಟ್ಟಿಗಳಲ್ಲಿ ಊರವರು ಇಂದಿಗೂ ಸ್ನಾನ ಮಾಡುತ್ತಾರೆ, ಪ್ರವಾಸಿಗರು ಹೊರಟ ಮೇಲೆ. ಮನೆಗಳ ಕಿಟಕಿಯತ್ತ ಕ್ಯಾಮೆರಾ ತಿರುಗಿಸಬೇಡಿ. ಹಾದಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ. ಕೆಲವೆಡೆ ಮೇಲ್ಪದರ ಹಪ್ಪಳದಷ್ಟು ತೆಳು, ಕೆಳಗೆ ಕುದಿನೀರು. ಹತ್ತು ವರ್ಷದ ಹುಡುಗನ ಕೈ ಹಿಡಿದುಕೊಂಡೇ ನಡೆಯಿರಿ, ಅವನು ಎಷ್ಟೇ ಮುಖ ಊದಿಸಿಕೊಂಡರೂ ಸರಿ.

ಇನ್ನು ವಾಯ್-ಒ-ತಾಪು. ಊರಿನಿಂದ ದಕ್ಷಿಣಕ್ಕೆ, ಟೌಪೊ ದಾರಿಯಲ್ಲಿ ಸುಮಾರು 30 ಕಿ.ಮೀ. ಸಿಟಿ ಬಸ್ ಅಲ್ಲಿಗಿಲ್ಲ, ನಿಮ್ಮ ಕಾರೇ ಗತಿ. ಲೇಡಿ ನಾಕ್ಸ್ ಬುಗ್ಗೆ ದಿನಾ ಬೆಳಗ್ಗೆ 10:15ಕ್ಕೆ ಚಿಮ್ಮುತ್ತದೆ, ಅದೂ ತಾನಾಗಿ ಅಲ್ಲ, ಸಿಬ್ಬಂದಿ ಸಾಬೂನಿನಂಥ ಪುಡಿ ಹಾಕಿ ಚಿಮ್ಮಿಸುವುದು. ಒಳಗೆ ಮೇಲಿನ ತಣ್ಣನೆಯ ನೀರು ಕೆಳಗಿನ ಅತಿ ಬಿಸಿ ನೀರಿಗೆ ಮುಚ್ಚಳದಂತೆ ಕೂತಿರುತ್ತದೆ. ಸಾಬೂನು ಮೇಲ್ಮೈ ಎಳೆತ ಕಡಿಮೆ ಮಾಡಿದ ಕೂಡಲೇ ಎರಡೂ ಬೆರೆತು ಕುದಿದೇಳುತ್ತವೆ. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿ ಬಟ್ಟೆ ಒಗೆಯಲು ಬಂದ ಕೈದಿಗಳಿಗೆ ಇದು ಆಕಸ್ಮಿಕವಾಗಿ ಗೊತ್ತಾಯಿತು. ನಿಜ ಹೇಳಬೇಕೆಂದರೆ, ಕಲ್ಲುಗಳನ್ನು ಒಟ್ಟಿದ ಆ ಗೂಡಿನಿಂದ ಹೇಳಿದ ಟೈಮಿಗೆ ನೊರೆ ಏಳುವುದು ಸ್ವಲ್ಪ ಸರ್ಕಸ್ಸಿನ ಹಾಗೆಯೇ ಇದೆ. ಮಗನಿಗೆ ಖುಷಿ, ನಿಮಗೆ ಅಷ್ಟಕ್ಕಷ್ಟೆ.

ಮಾಮೂಲಿ ತಪ್ಪೆಂದರೆ ನೇರ ಬುಗ್ಗೆಯ ಹತ್ತಿರವೇ ಹೋಗಿಬಿಡುವುದು. ಬುಗ್ಗೆ ಇರುವುದು ಮುಖ್ಯ ದ್ವಾರದಿಂದ ಒಂದೂವರೆ ಕಿ.ಮೀ. ಆಚೆ. ಮೊದಲು ಮುಖ್ಯ ದ್ವಾರದಲ್ಲಿ ಟಿಕೆಟ್, ಆಮೇಲೆ ಕಾರಿನಲ್ಲಿ ಬುಗ್ಗೆಗೆ. 9:30ಕ್ಕೆ ಟಿಕೆಟ್ ಕೈಯಲ್ಲಿರಲಿ, 10ಕ್ಕೆ ಬೆಂಚಿನ ಮೇಲೆ ಕೂತಿರಿ. ಬೇಸಿಗೆಯಲ್ಲಾದರೆ ಗೇಟು ತೆರೆದ ಕೂಡಲೇ ಒಳಗೆ ಸುತ್ತಿ ಬಂದು ಆಮೇಲೆ ಬುಗ್ಗೆ ನೋಡಿ ಎನ್ನಬಹುದಿತ್ತು, ಜನಜಂಗುಳಿ ತಪ್ಪುತ್ತದೆ. ಜುಲೈ ಇಲ್ಲಿ ಚಳಿಗಾಲ, ಆ ಲೆಕ್ಕ ಕೆಲಸ ಮಾಡುವುದಿಲ್ಲ. ಚಳಿಯ ಬೆಳಗ್ಗೆ ಪಾರ್ಕಿನೊಳಗಿನ ಶಾಂಪೇನ್ ಪೂಲ್ ಎಂಬ ದೊಡ್ಡ ಬಿಸಿಕೊಳದ ಮೇಲೆ ಬಿಳಿ ಹಬೆ ಎಷ್ಟು ದಟ್ಟವಾಗಿರುತ್ತದೆಂದರೆ ಅದರ ಕಿತ್ತಳೆ ಅಂಚೇ ಕಾಣುವುದಿಲ್ಲ. ಸೂರ್ಯ ಮೇಲೇರಿ ಗಾಳಿ ಆಡತೊಡಗಿದ ಮೇಲೆ, ಹನ್ನೊಂದರ ನಂತರ, ಬಣ್ಣ ತೆರೆದುಕೊಳ್ಳುತ್ತದೆ. ಹಾಗಾಗಿ ಬುಗ್ಗೆ ಮೊದಲು, ಒಂದು ಕಾಫಿ, ಆಮೇಲೆ ಸುತ್ತು.

ಶಾಂಪೇನ್ ಪೂಲ್ ಅಗಲ ಸುಮಾರು 65 ಮೀಟರ್, ಆಳವೂ ಹೆಚ್ಚುಕಡಿಮೆ ಅಷ್ಟೇ, ಮೇಲ್ಮೈ ಶಾಖ 74 ಡಿಗ್ರಿ ಆಸುಪಾಸು. ಗುಳ್ಳೆಗಳು ಇಂಗಾಲದ ಡೈಆಕ್ಸೈಡ್. ಅಂಚಿನ ಕಿತ್ತಳೆ ಬಣ್ಣ ಆರ್ಸೆನಿಕ್ ಮತ್ತು ಆಂಟಿಮನಿಯ ಗಂಧಕ ಸಂಯುಕ್ತಗಳದ್ದು, ಅಂದರೆ ಮುಟ್ಟುವಂಥದ್ದಲ್ಲ. ಒಳಗೆ ಮೂರು ಸುತ್ತುಗಳಿವೆ. ಪೂರ್ತಿ ಸುತ್ತಿದರೆ ಸುಮಾರು 3 ಕಿ.ಮೀ., ಒಂದೂಕಾಲು ಒಂದೂವರೆ ಗಂಟೆ. ಅಮ್ಮನಿಗೆ ಮೊದಲ ಸುತ್ತು ಸಾಕು. ಮುಖ್ಯವಾದದ್ದೆಲ್ಲ ಅದರಲ್ಲೇ ಬರುತ್ತದೆ. ಉದ್ದ ಸುತ್ತುಗಳಲ್ಲಿ ಮೆಟ್ಟಿಲುಗಳಿವೆ. ಹಬೆಯ ತುಂತುರಿನಲ್ಲಿ ಸಿಲಿಕಾ ಇರುತ್ತದೆ. ಕನ್ನಡಕ, ಲೆನ್ಸ್ ಮೇಲೆ ಒಣಗಿದರೆ ಕಲೆ ಹಿಡಿದು ಕೂರುತ್ತದೆ, ಒದ್ದೆಯಿರುವಾಗಲೇ ಒರೆಸಿ. ಹೊರಬರುವಾಗ ಪಾರ್ಕಿನ ಹೊರಗಿನ ಲೂಪ್ ರಸ್ತೆಯಲ್ಲಿ ದೊಡ್ಡದೊಂದು ಕುದಿಯುವ ಕೆಸರುಕೊಳ ಇದೆ. ಅದಕ್ಕೆ ಟಿಕೆಟ್ ಇಲ್ಲ, ಕಾರು ನಿಲ್ಲಿಸಿ ಇಳಿದರೆ ಎದುರಿಗೇ. ಕೊತಕೊತ ಸದ್ದು ಮಾಡುತ್ತಾ ಕೆಸರು ಹಾರುವುದನ್ನು ನೋಡುತ್ತಾ ನಿಂತ ಅಜ್ಜ-ಮೊಮ್ಮಗನನ್ನು ಎಳೆದುಕೊಂಡು ಹೋಗುವುದೇ ಕಷ್ಟವಾಗಬಹುದು.

ಜನಜಂಗುಳಿ ಬೇಡವೇ ಬೇಡ ಎಂದರೆ ಅದೇ ದಾರಿಯ ವೈಮಂಗು ಕಣಿವೆ ಒಳ್ಳೆಯ ಬದಲಿ. 1886ರ ಸ್ಫೋಟದಲ್ಲೇ ಹುಟ್ಟಿದ ಕಣಿವೆ ಅದು. ಇನ್‌ಫರ್ನೊ ಕ್ರೇಟರ್‌ನ ತಿಳಿನೀಲಿ ನೀರು ಸುಮಾರು 38 ದಿನಗಳ ಚಕ್ರದಲ್ಲಿ ಏರಿ ಇಳಿಯುತ್ತದೆ. ಹಾದಿ ಇಳಿಜಾರು, ಕೆಳಗಿನಿಂದ ಮೇಲೆ ಬರಲು ಬಸ್ಸಿದೆ, ನಡುವೆಯೂ ಬಸ್ ನಿಲ್ದಾಣಗಳಿವೆ. ಇಳಿಜಾರು ಮೊಣಕಾಲಿಗೆ ಸುಲಭ ಎಂದುಕೊಳ್ಳಬೇಡಿ. ಸವೆದ ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚು ನೋವು. ಹೋದರೆ ಮೊದಲ ನಿಲ್ದಾಣದಲ್ಲೇ ಅಮ್ಮನನ್ನು ಬಸ್ಸಿಗೆ ಹತ್ತಿಸಿ.

ಮುಕ್ತವಾಗಿ ಹರಿಯುವ ಬಿಸಿ ತೊರೆ ಎಂದು ಯಾರಾದರೂ ಕೆರೋಸಿನ್ ಕ್ರೀಕ್ ಹೆಸರು ಹೇಳುತ್ತಾರೆ. ಚೆನ್ನಾಗಿದೆ, ಆದರೆ ಈ ಕುಟುಂಬಕ್ಕೆ ನನ್ನ ಶಿಫಾರಸು ಇಲ್ಲ. ಜಾರುವ ಹಾದಿ, ಅಲ್ಲಿ ನಿಲ್ಲಿಸಿದ ಕಾರುಗಳ ಗಾಜು ಒಡೆದು ಕಳವು ಮಾಡುವುದೂ ಇದೆ. ಅದಕ್ಕಿಂತ ಮುಖ್ಯವಾದದ್ದು: ನ್ಯೂಜಿಲೆಂಡ್‌ನ ಯಾವುದೇ ಬಿಸಿನೀರಿನ ಕೊಳದಲ್ಲಿ, ಹಣ ಕೊಟ್ಟದ್ದಾಗಲಿ ಬಿಟ್ಟಿಯದ್ದಾಗಲಿ, ತಲೆ ಮುಳುಗಿಸಬಾರದು. ಬೆಚ್ಚನೆಯ ಸಿಹಿನೀರಿನಲ್ಲಿ ಬದುಕುವ ಅಮೀಬಾ ಮೂಗಿನ ಮೂಲಕ ಮೆದುಳಿಗೆ ಹೋದರೆ ಬರುವ ಮಿದುಳುಪೊರೆಯ ಸೋಂಕು ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಹಾರುವುದು, ನೀರೆರಚುವುದು, ಮೂಗಿಗೆ ನೀರು ಹೋಗುವ ಆಟ ಯಾವುದೂ ಬೇಡ. ಮಗನಿಗೆ ಇದನ್ನು ಕೊಳದ ಹತ್ತಿರವಲ್ಲ, ಕಾರಿನಲ್ಲೇ ಹೇಳಿ.

ಸ್ನಾನಕ್ಕೆ ಊರೊಳಗೆ ಸರೋವರದ ದಂಡೆಯ ಪಾಲಿನೇಷಿಯನ್ ಸ್ಪಾ ಇದೆ. ಅಲ್ಲಿ ಅರ್ಧ ಮುಕ್ಕಾಲು ಗಂಟೆಗೆ ಕುಟುಂಬಕ್ಕೆ ಮಾತ್ರ ಎಂದು ಖಾಸಗಿ ಕೊಳ ಸಿಗುತ್ತದೆ. ಈಜುಡುಗೆಗೆ ಮುಜುಗರಪಡುವ ಅಮ್ಮಂದಿರಿಗೆ ಅದೇ ಸರಿ. ಈಜಿಗೆಂದೇ ಹೊಲಿದ ಪೂರ್ತಿ ತೋಳಿನ ಟಾಪ್, ಲೆಗ್ಗಿಂಗ್ಸ್ ಕೊಂಡಿಟ್ಟುಕೊಳ್ಳಿ, ಸೀರೆ ಚೂಡಿದಾರ್ ಬಿಡುವುದಿಲ್ಲ. ಉಡುಪು ಹಳೆಯದಿರಲಿ, ಗಂಧಕ ಬಣ್ಣ ಕೆಡಿಸುತ್ತದೆ. ಅಪ್ಪನ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಬಿಪಿ ಇಳಿಯುತ್ತದೆ, ಮಾತ್ರೆಯ ಪರಿಣಾಮವೂ ಸೇರಿದರೆ ಎದ್ದು ನಿಂತ ಕೂಡಲೇ ತಲೆ ಸುತ್ತಿ ಬೀಳುವ ಅಪಾಯ. ಹೊರಡುವ ಮುನ್ನ ಅವರ ಡಾಕ್ಟರನ್ನು ಕೇಳಿ. ಒಪ್ಪಿದರೆ 38 ಡಿಗ್ರಿ ಆಸುಪಾಸಿನ ಕೊಳ, ಒಮ್ಮೆಗೆ ಹತ್ತು ನಿಮಿಷ, ಎದೆಯ ಮಟ್ಟಕ್ಕಿಂತ ಕೆಳಗೆ. ಏಳುವಾಗ ಮೊದಲು ಅಂಚಿನ ಮೇಲೆ ಒಂದು ನಿಮಿಷ ಕೂತು ಆಮೇಲೆ ಕಂಬಿ ಹಿಡಿದು ನಿಲ್ಲಲಿ. ಊಟವಾದ ತಕ್ಷಣ ಬೇಡ, ನೀರು ಕುಡಿದಿರಲಿ. ಇಷ್ಟೂ ರಗಳೆ ಎನಿಸಿದರೆ ಕುಯಿರಾವು ಪಾರ್ಕಿನಲ್ಲಿ ಕಾಲು ಇಳಿಬಿಟ್ಟು ಕೂರುವ ಬಿಸಿನೀರಿನ ತೊಟ್ಟಿಗಳಿವೆ, ಬಿಟ್ಟಿ. ಅಮ್ಮನ ಮಂಡಿಗೂ ಹಿತ.

ವಾಸನೆ ಹೈಡ್ರೋಜನ್ ಸಲ್ಫೈಡ್‌ನದ್ದು, ಕೊಳೆತ ಮೊಟ್ಟೆಯ ವಾಸನೆ. ಗಾಳಿ ಇಲ್ಲದ ಚಳಿ ರಾತ್ರಿಗಳಲ್ಲಿ ಜಾಸ್ತಿ. ಅರ್ಧ ದಿನಕ್ಕೆ ಮೂಗಿಗೆ ಅಭ್ಯಾಸವಾಗುತ್ತದೆ. ಬಯಲಿನಲ್ಲಿ ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ಆಸ್ತಮಾ ಇದ್ದವರು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಳ್ಳಲಿ. ಅಪಾಯ ಇರುವುದು ಮುಚ್ಚಿದ ಜಾಗದಲ್ಲಿ. ಮೋಟೆಲ್ ಕೋಣೆಯ, ಸ್ನಾನದ ಮನೆಯ, ಒಳಾಂಗಣ ಕೊಳದ ಗಾಳಿಕಿಂಡಿಗಳನ್ನು ಚಳಿ ಎಂದು ಬಟ್ಟೆ ತುರುಕಿ ಮುಚ್ಚಬಾರದು. ಇಂಥ ಕೋಣೆಗಳಲ್ಲಿ ಅನಿಲ ತುಂಬಿ ಜೀವ ಹೋದ ಪ್ರಕರಣಗಳು ಈ ಊರಿನಲ್ಲಿ ಆಗಿವೆ. ಪ್ರಮಾಣ ಹೆಚ್ಚಾದಾಗ ಮೂಗು ವಾಸನೆಯನ್ನೇ ಹಿಡಿಯುವುದಿಲ್ಲ, ಹಾಗಾಗಿ ವಾಸನೆ ಹೋಯಿತು ಎಂದು ನಿರಾಳರಾಗಬೇಡಿ. ಕಣ್ಣುರಿ, ತಲೆನೋವು ಶುರುವಾದರೆ ಹೊರಗೆ ಬನ್ನಿ.

ಇದೇ ಅನಿಲ ಅಮ್ಮನ ಕಾಲುಂಗುರವನ್ನು ಕಪ್ಪು ಮಾಡುತ್ತದೆ. ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕೂರುವುದು. ಕೊಳಕ್ಕಿಳಿದರೆ ನಿಮಿಷಗಳಲ್ಲಿ, ಇಳಿಯದಿದ್ದರೂ ಎರಡು ದಿನದಲ್ಲಿ ಮಂಕು. ಕಾಲ್ಗೆಜ್ಜೆ, ಬೆಳ್ಳಿ ಉಡಿದಾರ, ಚಿನ್ನದ ನೀರು ಕೊಟ್ಟ ಒಡವೆ ಎಲ್ಲವನ್ನೂ ಆಕ್ಲೆಂಡ್‌ನಲ್ಲೇ ಬಿಡಿ. ಕಾಲುಂಗುರ ತೆಗೆಯುವುದಿಲ್ಲ ಎಂದರೆ ತೆಗೆಯದಿರಲಿ, ಸರಿಪಡಿಸುವುದು ಸುಲಭ. ಮನೆಗೆ ಬಂದ ಮೇಲೆ ಬಟ್ಟಲಿಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಅರ್ಧ ಲೀಟರ್ ಕುದಿಯುವಷ್ಟು ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ, ಒಂದು ಚಿಟಿಕೆ ಉಪ್ಪು ಹಾಕಿ, ಬೆಳ್ಳಿ ಫಾಯಿಲ್‌ಗೆ ತಾಗುವಂತೆ ಐದು ಹತ್ತು ನಿಮಿಷ ಇಡಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯುಮಿನಿಯಂ ಕಡೆಗೆ ಹೋಗುತ್ತದೆ, ಬಟ್ಟಲಿನಿಂದ ಮತ್ತದೇ ಮೊಟ್ಟೆ ವಾಸನೆ ಬರುತ್ತದೆ. ತಾಗದಿದ್ದರೆ ಕೆಲಸ ಆಗುವುದಿಲ್ಲ. ಮುತ್ತು, ಹವಳ ಕೂಡಿಸಿದ ಒಡವೆಗೆ ಇದನ್ನು ಮಾಡಬೇಡಿ.

ಮಾವೋರಿ ಸಂಜೆಗೆ ತೆ ಪಾ ತೂ, ಮಿತಾಯ್ ಮುಂತಾದವು ಇವೆ. ತಮಾಕಿ ಮಾವೋರಿ ವಿಲೇಜ್ ಎಂದು ಹಳೆಯ ಮಾರ್ಗದರ್ಶಿಗಳಲ್ಲಿರುವುದೇ ಈಗ ತೆ ಪಾ ತೂ. ಮೂರು ಮೂರೂವರೆ ಗಂಟೆಯ ಕಾರ್ಯಕ್ರಮ, ಒಂದಿಷ್ಟು ಹೊತ್ತು ಬಯಲಿನಲ್ಲಿ. ಜುಲೈ ರಾತ್ರಿ ಉಷ್ಣತೆ ಮೂರು ನಾಲ್ಕು ಡಿಗ್ರಿಗೆ ಇಳಿಯುತ್ತದೆ. ಶಿವಮೊಗ್ಗದಿಂದ ಬಂದವರಿಗೆ ಥರ್ಮಲ್, ಟೋಪಿ, ಕೈಗವಸು ಬೇಕೇ ಬೇಕು. ಶಾಲೆ ರಜೆಯ ವಾರಗಳಾದರೆ ಎರಡು ಮೂರು ವಾರ ಮುಂಚೆ ಬುಕ್ ಮಾಡಿ.

ಸ್ವಾಗತದ ವಿಧಿಯಲ್ಲಿ ಬಂದವರೊಳಗಿಂದ ಒಬ್ಬ ಗಂಡಸನ್ನು ಗುಂಪಿನ ಮುಖ್ಯಸ್ಥನನ್ನಾಗಿ ಮಾಡುತ್ತಾರೆ. ವಯಸ್ಸಾದ ಅಪ್ಪನನ್ನೇ ಕರೆದರೂ ಕರೆಯಬಹುದು. ಎದುರಿನ ಯೋಧ ಆಯುಧ ಬೀಸುತ್ತಾ, ಕಣ್ಣು ಅರಳಿಸಿ, ನಾಲಿಗೆ ಚಾಚಿ ಬರುತ್ತಾನೆ. ಬಂದವರು ಸ್ನೇಹಕ್ಕೋ ಜಗಳಕ್ಕೋ ಎಂದು ಪರೀಕ್ಷಿಸುವ ಕ್ರಮ ಅದು. ನೆಲದ ಮೇಲಿಟ್ಟ ಎಲೆಯನ್ನು, ಅವನ ಕಣ್ಣಿನಿಂದ ದೃಷ್ಟಿ ತೆಗೆಯದೆ, ನಿಧಾನವಾಗಿ ಬಾಗಿ ಎತ್ತಿಕೊಂಡರೆ ಸ್ನೇಹ ಎಂದರ್ಥ. ಆಗ ನಗಬಾರದು, ಅಣಕಿಸಬಾರದು. ಮಗನಿಗೆ ಹಿಂದಿನ ದಿನವೇ ಹೇಳಿಡಿ. ಆಮೇಲೆ ಅಪ್ಪ ಎರಡು ಮಾತಾಡಬೇಕಾಗುತ್ತದೆ. ಅದು ಕನ್ನಡದಲ್ಲೇ ಇದ್ದು ಕೊನೆಗೆ ಒಂದು ವಾಕ್ಯ ಇಂಗ್ಲಿಷ್ ಸೇರಿಸಿದರೂ ಆದೀತು. ಭಾಷಣದ ಹಿಂದೆ ಹಾಡು ಇರಬೇಕೆಂಬುದು ಅವರ ಪದ್ಧತಿ, ಹಾಗಾಗಿ ಎಲ್ಲರಿಗೂ ಬರುವ ಒಂದು ಭಾವಗೀತೆಯ ಪಲ್ಲವಿ ತಯಾರಿಟ್ಟುಕೊಂಡರೆ ಅಲ್ಲಿನವರಿಗೆ ನಿಜಕ್ಕೂ ಸಂತೋಷವಾಗುತ್ತದೆ. ಹೊಂಗಿ ಎಂಬ ಅವರ ನಮಸ್ಕಾರದಲ್ಲಿ ಕೈ ಹಿಡಿದು ಮೂಗಿಗೆ ಮೂಗು ಮೆಲ್ಲಗೆ ಒತ್ತುತ್ತಾರೆ. ಇಬ್ಬರೂ ಒಂದೇ ಉಸಿರು ಹಂಚಿಕೊಳ್ಳುವ ಭಾವ. ಎದುರಿನವರು ಬಾಗಿದಷ್ಟು ಬಾಗಿ, ಅವರು ಹಿಂದೆ ಸರಿದಾಗ ಸರಿಯಿರಿ. ಸಭಾಮನೆಯೊಳಗೆ ಚಪ್ಪಲಿ ಹಾಕುವಂತಿಲ್ಲ. ಊಟದ ಮೇಜಿನ ಮೇಲೆ ಕೂರುವುದು, ಟೋಪಿ ಇಡುವುದು, ಬೇರೆಯವರ ಮಕ್ಕಳ ತಲೆ ಸವರುವುದು ಇವು ಅವರಲ್ಲಿ ನಿಷಿದ್ಧ. ತಲೆ ಪವಿತ್ರ, ಅನ್ನಕ್ಕೂ ಅದಕ್ಕೂ ಸಂಪರ್ಕ ಕೂಡದು. ಮಡಿ-ಮೈಲಿಗೆ ನೋಡಿ ಬೆಳೆದ ಅಮ್ಮನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಕ್ಕಿಲ್ಲ.

ಊಟದಲ್ಲಿ ಮಾತ್ರ ನಿಜವಾದ ತೊಡಕಿದೆ. ಹಾಂಗಿ ಎಂದರೆ ಕಾದ ಕಲ್ಲುಗಳ ಗುಂಡಿಯಲ್ಲಿ ಬುಟ್ಟಿಗಳನ್ನಿಟ್ಟು, ಒದ್ದೆ ಬಟ್ಟೆ ಹೊದಿಸಿ, ಮಣ್ಣು ಮುಚ್ಚಿ ಮೂರು ಗಂಟೆ ಹಬೆಯಲ್ಲಿ ಬೇಯಿಸುವುದು. ಕಲ್ಲಿಗೆ ಹತ್ತಿರ ಕುರಿ, ಕೋಳಿ ಮಾಂಸ. ಅದರ ಮೇಲೆ ಆಲೂಗಡ್ಡೆ, ಕುಮರಾ ಗೆಣಸು, ಕುಂಬಳ. ಮಾಂಸದ ಹಬೆ ತರಕಾರಿಯ ಮೂಲಕವೇ ಮೇಲೇರುತ್ತದೆ. ಹಾಗಾಗಿ ‘ತರಕಾರಿ ಇದೆ’ ಎಂಬ ಉತ್ತರ ಅಮ್ಮನಿಗೆ ಸಾಲದು. ಬುಕ್ ಮಾಡುವಾಗಲೇ ಇಮೇಲ್‌ನಲ್ಲಿ ಬರೆದು ಕೇಳಿ: ತರಕಾರಿ ಬೇರೆ ಅಡುಗೆಮನೆಯಲ್ಲಿ ಬೇಯುತ್ತದೆಯೇ, ಸಾಸ್ ಮತ್ತು ಸ್ಟಫಿಂಗ್‌ನಲ್ಲಿ ಮಾಂಸದ ರಸ ಇದೆಯೇ, ಪುಡಿಂಗ್‌ನಲ್ಲಿ ಮೊಟ್ಟೆ, ಜೆಲಟಿನ್ ಅಥವಾ ಪ್ರಾಣಿಕೊಬ್ಬು ಇದೆಯೇ. ಮೂರಕ್ಕೂ ಸ್ಪಷ್ಟ ಉತ್ತರ ಬಾರದಿದ್ದರೆ ಅಮ್ಮ ಕೋಣೆಯಲ್ಲೇ ಊಟ ಮುಗಿಸಿ ಪ್ರದರ್ಶನಕ್ಕೆ ಬರಲಿ, ಹಣ್ಣು ತಿನ್ನಲಿ.

ಇದೇ ಕಾರಣಕ್ಕೆ ಅಡುಗೆಮನೆ ಇರುವ ಮೋಟೆಲ್ ಹಿಡಿಯಿರಿ. ಫೆಂಟನ್ ಬೀದಿಯುದ್ದಕ್ಕೂ ಇವೆ, ಕೆಲವಕ್ಕೆ ಸ್ವಂತ ಬಿಸಿಕೊಳವೂ ಉಂಟು. ಕೋವಿಡ್ ಕಾಲದಲ್ಲಿ ಆ ಬೀದಿಯ ಹಲವು ಮೋಟೆಲ್‌ಗಳನ್ನು ವಸತಿಹೀನರ ತುರ್ತು ತಂಗುದಾಣವಾಗಿ ಬಳಸಲಾಗಿತ್ತು. ಹಳೆಯ ವಿಮರ್ಶೆ ನಂಬದೆ ಇತ್ತೀಚಿನ ಆರು ತಿಂಗಳದ್ದನ್ನು ಓದಿ. ಚಿಕ್ಕ ಕುಕ್ಕರ್, ಅಕ್ಕಿ, ತೊಗರಿಬೇಳೆ, ಸಾರಿನಪುಡಿ ಕಾರಿನಲ್ಲಿರಲಿ. ಒಗ್ಗರಣೆ ಮಾತ್ರ ಜೋಪಾನ! ಒಣಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಹೊಡೆದು ಅಗ್ನಿಶಾಮಕ ದಳ ಬಂದರೆ ಖರ್ಚು ಅತಿಥಿಯ ತಲೆಗೆ ಕಟ್ಟುವ ನಿಯಮ ಹಲವೆಡೆ ಇದೆ. ಒಗ್ಗರಣೆ ಆಕ್ಲೆಂಡ್‌ನಲ್ಲೇ ಮಾಡಿ ಡಬ್ಬಿಯಲ್ಲಿ ತನ್ನಿ. ಹೊರಗೆ ತಿನ್ನುವುದಾದರೆ ಟುಟನೆಕಾಯ್ ಬೀದಿಯ ಸರೋವರದ ತುದಿಯಲ್ಲಿ ಸಾಲು ಹೋಟೆಲುಗಳಿವೆ, ಭಾರತೀಯ ಊಟವೂ ಸಿಗುತ್ತದೆ.

ಅಪ್ಪ ಅಮ್ಮ ಊರಿಂದ ತರುವ ತಿನಿಸಿನ ಬಗ್ಗೆ ಇಲ್ಲೇ ಒಂದು ಮಾತು. ವಿಮಾನದಲ್ಲಿ ಬರುವ ಮುನ್ನ ತುಂಬುವ ಪ್ರವೇಶ ಘೋಷಣೆಯಲ್ಲಿ ಎಲ್ಲ ಆಹಾರವನ್ನೂ ‘ಇದೆ’ ಎಂದೇ ಬರೆಯಲಿ. ಘೋಷಿಸಿದ್ದು ಒಳಬಿಡದಿದ್ದರೆ ಎಸೆಯುತ್ತಾರೆ, ದಂಡವಿಲ್ಲ. ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್. ಜೇನುತುಪ್ಪ, ವೀಳ್ಯದೆಲೆ, ಹಸಿ ಕರಿಬೇವು ತರುವುದೇ ಬೇಡ. ಇನ್ಶೂರೆನ್ಸ್ ಮಾಡಿಸಿಯೇ ಕರೆಸಿಕೊಳ್ಳಿ: ನ್ಯೂಜಿಲೆಂಡ್‌ನ ಎಸಿಸಿ ವ್ಯವಸ್ಥೆ ಪ್ರವಾಸಿಗರ ಅಪಘಾತದ ಗಾಯಕ್ಕೆ ನೆರವಾಗುತ್ತದೆ, ಬಿಪಿ, ಹೃದಯದಂಥ ಕಾಯಿಲೆಗಲ್ಲ.

ರಾಫ್ಟಿಂಗ್‌ಗೆ ಬರೋಣ. ಊರಿನಿಂದ ಇಪ್ಪತ್ತು ನಿಮಿಷದ ಒಕೆರೆ ಫಾಲ್ಸ್ ಹತ್ತಿರ ಕೈತುನಾ ನದಿ. ಅದರ ತುತೆಯಾ ಜಲಪಾತ 7 ಮೀಟರ್, ವಾಣಿಜ್ಯ ರಾಫ್ಟಿಂಗ್ ನಡೆಯುವ ಜಲಪಾತಗಳಲ್ಲಿ ಜಗತ್ತಿನಲ್ಲೇ ಎತ್ತರದ್ದೆಂದು ಪ್ರಸಿದ್ಧ. ಕಷ್ಟದ ಮಟ್ಟ ಗ್ರೇಡ್ 5, ಕನಿಷ್ಠ ವಯಸ್ಸು 13, ಅಂದರೆ ಮಗನಿಗಿಲ್ಲ. ನೀರಿನ ಮೇಲೆ ಮುಕ್ಕಾಲು ಗಂಟೆ, ತಯಾರಿ ಸೇರಿ ಎರಡೂವರೆ ಗಂಟೆ ಹಿಡಿಯಿರಿ. ಜಲಪಾತದ ಅಂಚಿನಲ್ಲಿ ಗೈಡ್ ಕೂಗಿದ ಕೂಡಲೇ ರಾಫ್ಟ್‌ನ ತಳಕ್ಕೆ ಕುಕ್ಕರಿಸಬೇಕು, ಹೊರಗಿನ ಹಗ್ಗ ಒಂದು ಕೈಯಲ್ಲಿ, ಹುಟ್ಟಿನ ತುದಿಯ ಹಿಡಿ ಇನ್ನೊಂದರಲ್ಲಿ. ಆ ಹಿಡಿ ಬಿಟ್ಟರೆ ಪಕ್ಕದವನ ಹಲ್ಲಿಗೆ ಬಡಿಯುತ್ತದೆ, ಇಲ್ಲಿ ಆಗುವ ಗಾಯಗಳಲ್ಲಿ ಮಾಮೂಲಿ ಅದು. ಗದ್ದ ಎದೆಗೊತ್ತಿರಲಿ. ರಾಫ್ಟ್ ಒಮ್ಮೊಮ್ಮೆ ಮಗುಚುತ್ತದೆ. ಆಗ ಕೆಳಗಿನ ಸುಳಿ ಕೆಲ ಸೆಕೆಂಡು ಹಿಡಿದಿಟ್ಟುಕೊಂಡು ತಾನೇ ಬಿಡುತ್ತದೆ. ಉಸಿರು ಕಟ್ಟಿ, ಮೈ ಮುದುರಿಕೊಂಡು, ಮೇಲೆ ಬಂದ ಮೇಲೆ ಬೆನ್ನ ಮೇಲೆ ತೇಲುತ್ತಾ ಪಾದಗಳನ್ನು ಮುಂದಕ್ಕೆ ಚಾಚಬೇಕು. ತಳದಲ್ಲಿ ನಿಲ್ಲಲು ಹೋಗಿ ಬಂಡೆಗಳ ನಡುವೆ ಕಾಲು ಸಿಕ್ಕಿಸಿಕೊಳ್ಳಬಾರದು. ಕನ್ನಡಕಕ್ಕೆ ಪಟ್ಟಿ ಬೇಕು.

ನೀವೆಲ್ಲ ಅಷ್ಟು ಹೊತ್ತು ಒಕೆರೆ ಫಾಲ್ಸ್ ಕಾಲುಹಾದಿಯಲ್ಲಿರಿ. ತುತೆಯಾ ಎದುರಿಗೇ ವೀಕ್ಷಣಾ ಕಟ್ಟೆ ಇದೆ, ರಾಫ್ಟ್ ಮೂತಿ ಕೆಳಗಾಗಿ ನೊರೆಯೊಳಗೆ ಮಾಯವಾಗಿ ಮತ್ತೆ ಏಳುವುದು ಬಿಟ್ಟಿಯಾಗಿ ಕಾಣುತ್ತದೆ. ಅಲ್ಲೇ 1901ರ ಜಲವಿದ್ಯುತ್ ಕೇಂದ್ರದ ಅವಶೇಷಗಳಿವೆ. ನಮ್ಮ ಶಿವನಸಮುದ್ರ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿದ್ದು ಅದರ ಮರುವರ್ಷ.

ಮಗನಿಗೆ ಸ್ಕೈಲೈನ್‌ನ ಲೂಜ್. 1980ರ ದಶಕದಲ್ಲಿ ಈ ಊರಲ್ಲೇ ಶುರುವಾದ ಆಟ, ಗೊಂಡೊಲಾ ಎಂಬ ಕೇಬಲ್ ಕಾರಿನಲ್ಲಿ ಗುಡ್ಡದ ಮೇಲೆ ಹೋಗಿ ಮೂರು ಚಕ್ರದ ಗಾಡಿಯಲ್ಲಿ ಇಳಿಯುವುದು. ಹಿಡಿಯನ್ನು ತನ್ನತ್ತ ಎಳೆದರೆ ಬ್ರೇಕ್. ಮೊದಲ ಸಲ ಸುಲಭದ ಹಾದಿಯಲ್ಲೇ ಇಳಿಯಬೇಕು. ಒಂದೇ ಸವಾರಿಯ ಟಿಕೆಟ್ ಕೊಳ್ಳಬೇಡಿ, ಮತ್ತೆ ಸಾಲಿನಲ್ಲಿ ನಿಲ್ಲುವುದು ಖಚಿತ. ಮೂರು ಸವಾರಿಯಿಂದ ಶುರುಮಾಡಿ. ಮಳೆ ಬಂದರೆ ಹಾದಿ ಜಾರುತ್ತದೆ, ಈ ಆಟವನ್ನು ಮಳೆಯಿಲ್ಲದ ಅರ್ಧ ದಿನಕ್ಕೆ ಇಟ್ಟುಕೊಳ್ಳಿ. ಅಜ್ಜ ಅಜ್ಜಿಗೆ ಗೊಂಡೊಲಾ ಮತ್ತು ಮೇಲಿನ ಸರೋವರದ ನೋಟ ಸಾಕು.

ಮೂರನೆಯ ಬೆಳಗ್ಗೆ ರೆಡ್‌ವುಡ್ ಕಾಡು. 1901ರಲ್ಲಿ ನೆಟ್ಟ ಕ್ಯಾಲಿಫೋರ್ನಿಯಾದ ಮರಗಳು, ನಡೆದಾಡಲು ಹಣವಿಲ್ಲ, ನೆಲ ಮೆತ್ತಗೆ ಸಮತಟ್ಟು. ಮರದಿಂದ ಮರಕ್ಕೆ ಕಟ್ಟಿದ ತೂಗುಸೇತುವೆಗಳ ಟ್ರೀವಾಕ್‌ಗೆ ಟಿಕೆಟ್ ಇದೆ. ಸೇತುವೆಗಳು ಅಲುಗಾಡುತ್ತವೆ, ಅಮ್ಮ ಕೆಳಗಿನ ಹಾದಿಯಲ್ಲೇ ಹಿತವಾಗಿರುತ್ತಾರೆ. ಅಲ್ಲಿಂದ ನೀಲಿ ಮತ್ತು ಹಸಿರು ಸರೋವರಗಳನ್ನು ದಾಟಿ ಕಾಲು ಗಂಟೆ ಹೋದರೆ ತೆ ವೈರೊವಾ, ಹೂತ ಹಳ್ಳಿ. ಅಗೆದು ತೆಗೆದ ಮನೆಗಳನ್ನು ನೋಡಬಹುದು. ಹಸಿರು ಸರೋವರ ರೊಟೊಕಾಕಹಿ ಮಾವೋರಿಗಳಿಗೆ ಪವಿತ್ರ, ಅಲ್ಲಿ ಈಜು, ದೋಣಿ ಇಲ್ಲ.

ಸಮಯ ಉಳಿದರೆ ಸರೋವರದಂಚಿನ ಒಹಿನೆಮುತು ಹಳ್ಳಿಯ ಸೇಂಟ್ ಫೇತ್ಸ್ ಚರ್ಚು. ಕಿಟಕಿ ಗಾಜಿನ ಮೇಲೆ ಮಾವೋರಿ ಮೇಲುಹೊದಿಕೆ ಹೊದ್ದ ಕ್ರಿಸ್ತನ ಚಿತ್ರ ಕೆತ್ತಿದ್ದಾರೆ. ಒಳಗೆ ಕೂತು ನೋಡಿದರೆ ಹಿಂದಿನ ರೊಟೊರುವಾ ಸರೋವರದ ಮೇಲೆ ಅವನು ನಡೆದಂತೆ ಕಾಣುತ್ತದೆ. ಹೊರಗಿನ ಸಮಾಧಿಗಳೆಲ್ಲ ನೆಲದ ಮೇಲಿವೆ, ನೆಲ ಬಿಸಿ. ಡಬ್ಬಿಗೆ ಕಾಣಿಕೆ ಹಾಕಿ. ಗವರ್ನಮೆಂಟ್ ಗಾರ್ಡನ್ಸ್‌ನ 1908ರ ಸ್ನಾನಗೃಹದ ಕಟ್ಟಡ ಚೆಂದ, ಆದರೆ ಅದರೊಳಗಿನ ಮ್ಯೂಸಿಯಂ 2016ರ ಭೂಕಂಪದ ನಂತರ ಮುಚ್ಚಿದ್ದು, ತೆರೆದಿದೆಯೇ ಎಂದು ನೋಡಿಕೊಂಡು ಹೋಗಿ. ರೇನ್‌ಬೋ ಸ್ಪ್ರಿಂಗ್ಸ್ ಎಂದು ಯಾರಾದರೂ ಹೇಳಿದರೆ ಅದು 2022ರಲ್ಲೇ ಮುಚ್ಚಿತು.

ಆಕ್ಲೆಂಡ್‌ನಿಂದ ದಾರಿ ಸುಮಾರು 230 ಕಿ.ಮೀ.: ಹೆದ್ದಾರಿ 1ರಲ್ಲಿ ಹ್ಯಾಮಿಲ್ಟನ್ ಪಕ್ಕದಿಂದ ಟಿರಾವುವರೆಗೆ, ಅಲ್ಲಿಂದ ಹೆದ್ದಾರಿ 5. ಮೂರು ಗಂಟೆ ಎಂದು ಮ್ಯಾಪ್ ಹೇಳುತ್ತದೆ, ಹಿರಿಯರಿದ್ದರೆ ಹ್ಯಾಮಿಲ್ಟನ್ ಆಸುಪಾಸು ಒಮ್ಮೆ, ಟಿರಾವುವಿನಲ್ಲಿ ಒಮ್ಮೆ ನಿಲ್ಲಿಸಿ ನಾಲ್ಕು ಗಂಟೆ ಹಿಡಿಯಿರಿ. ಟಿರಾವು ದಾಟಿದ ಮೇಲಿನ ಮಮಾಕು ಗುಡ್ಡಸಾಲಿನಲ್ಲಿ ಜುಲೈನ ಬೆಳಗ್ಗೆ ಮಂಜು, ನೆರಳಿನ ತಿರುವುಗಳಲ್ಲಿ ಮಂಜುಗಡ್ಡೆ ಇರುತ್ತದೆ. ಅಲ್ಲಿ ಹತ್ತು ಗಂಟೆಗೆ ಮುಂಚೆ ಇರದಂತೆ ಹೊರಡಿ. ವಾಪಸಾಗುವ ದಿನ ಸಂಜೆ ಐದೂಕಾಲರ ಸುಮಾರಿಗೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಒಂದಕ್ಕೆ ರೊಟೊರುವಾ ಬಿಟ್ಟರೆ ಬೆಳಕಿರುವಾಗಲೇ ಆಕ್ಲೆಂಡ್‌ನ ದಕ್ಷಿಣದ ಬಾಂಬೆ ಗುಡ್ಡ ತಲುಪುತ್ತೀರಿ. ಭಾನುವಾರವಾದರೆ ಅಲ್ಲಿಂದ ಮುಂದೆ ಡ್ರೂರಿವರೆಗೆ ಕಾರುಗಳು ತೆವಳುತ್ತವೆ, ಸಾಧ್ಯವಿದ್ದರೆ ಇಡೀ ಪ್ರವಾಸವನ್ನು ಸೋಮವಾರದಿಂದ ಬುಧವಾರಕ್ಕೆ ಇಟ್ಟುಕೊಳ್ಳಿ.